ಹಸಿರು ಬಿಲ್ಲೆ ಹಿಡಿದ ಕೈ

ಲಾಜಾರ್ ಮಾಸ್ತರನನ್ನು ಇಪ್ಪತ್ತೆಂಟು ವರ್ಷ ನಾನು ನೋಡಿದ್ದು ಬೆನ್ನಿನ ಕಡೆಯಿಂದ. ನನ್ನ ಕ್ಯಾಂಟೀನಿನ ಕಿಟಕಿ ಪ್ಲಾಟ್‌ಫಾರಮ್ಮಿಗೆ ತೆರೆದುಕೊಂಡಿದೆ, ಅವನ ಮುಖ ಯಾವಾಗಲೂ ಹಳಿಯ ಕಡೆಗೆ. ಕೆಂಪು ಟೋಪಿ, ಕೋಲು ನುಂಗಿದಂಥ ಬೆನ್ನು, ಬಲಗೈಯಲ್ಲಿ ಹಸಿರು ಬಿಲ್ಲೆ. ಗಾಡಿ ನಿಲ್ಲಲಿ, ನಿಲ್ಲದೆ ಹೋಗಲಿ, ಸ್ಟೇಷನ್ ಮಾಸ್ತರ ಹೊರಗೆ ಬಂದು ನಿಲ್ಲಲೇಬೇಕು. ಅವನು ಬಿಲ್ಲೆ ಎತ್ತಿದರೆ ಮಾತ್ರ ಗಾಡಿ ಹೊರಡಬೇಕು. ಎತ್ತಿದ ಮೇಲೆ ಕೊನೆಯ ಬೋಗಿ ದಾಟುವ ತನಕ ಅವನು ಅಲುಗಾಡುವಂತಿಲ್ಲ, ಕಣ್ಣು ಚಕ್ರಗಳ ಮೇಲೆಯೇ ಇರಬೇಕು. ಎಲ್ಲಿ ಅಚ್ಚು ಕಾದು ಹೊಗೆಯಾಡುತ್ತಿದೆ, ಎಲ್ಲಿ ಏನು ಜೋತುಬಿದ್ದಿದೆ ಎಂದು ನೋಡುವುದು ಅವನ ಕೆಲಸ. ಕಿಟಕಿಯಲ್ಲಿ ಯಾರಿದ್ದಾರೆ ಎಂದು ನೋಡುವುದಲ್ಲ.

ಅದನ್ನು ನೋಡುತ್ತಿದ್ದವಳು ಅವನ ಹೆಂಡತಿ ನೆವೆನಾ. ಸ್ಟೇಷನ್ನಿನ ಮೇಲಿನ ಮಹಡಿಯೇ ಅವರ ಮನೆ. ಸಂಜೆ ಸಮುದ್ರ ತೀರದ ವಾರ್ನಾ ಕಡೆಯ ಎಕ್ಸ್‌ಪ್ರೆಸ್ ಸುರಂಗದಿಂದ ಹೊರಬಿದ್ದು ನಮ್ಮ ದ್ರೆನಾಕ್ ಸ್ಟೇಷನ್ನನ್ನು ನಿಲ್ಲದೆ ದಾಟಿಹೋಗುತ್ತಿತ್ತು. ಅದರ ನಡುವೆ ಊಟದ ಬೋಗಿ, ಪ್ರತಿ ಮೇಜಿಗೂ ಕಿತ್ತಳೆ ಬಣ್ಣದ ಪುಟ್ಟ ದೀಪ. ಒಬ್ಬಳು ನಗುತ್ತಿರುತ್ತಾಳೆ, ಒಬ್ಬ ಪೀಚ್ ಹಣ್ಣಿನ ಸಿಪ್ಪೆ ಸುಲಿಯುತ್ತಿರುತ್ತಾನೆ, ಗ್ಲಾಸಿನಲ್ಲಿ ಏನೋ ಹೊಳೆಯುತ್ತದೆ, ಆಮೇಲೆ ಬರೀ ಹಳಿ, ಇಸ್ಕರ್ ನದಿಯ ಸದ್ದು. ನೆವೆನಾ ಅರ್ಧ ಸುಲಿದ ಆಲೂಗಡ್ಡೆ ಹಿಡಿದು ಕಿಟಕಿಯಲ್ಲಿ ನಿಂತೇ ಇರುತ್ತಿದ್ದಳು.

ಮಾರನೆಯ ದಿನ ಕಾಫಿಗೆ ಬಂದವಳು ಹೇಳುತ್ತಿದ್ದಳು, "ದೋನ್ಕಾ, ನಿನ್ನೆ ಹಸಿರು ಸ್ಕಾರ್ಫಿನವಳು ಅಳ್ತಿದ್ಲು ಕಣೆ. ಎದುರಿಗೆ ಕೂತವನು ಅವಳ ಪ್ಲೇಟಿಂದ ತಿಂತಾ ಇದ್ದ."

"ಅಷ್ಟು ವೇಗದಲ್ಲಿ ಅದೆಲ್ಲಾ ಹೇಗೆ ಕಾಣುತ್ತೆ ನೆವೆನಕ್ಕಾ?"

"ಕಾಣುತ್ತೆ. ಇಪ್ಪತ್ತು ವರ್ಷ ನೋಡಿದ್ರೆ ನಿಂಗೂ ಕಾಣುತ್ತೆ."

ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆ. ಆದರೆ ನಮ್ಮ ಕಣಿವೆಯಲ್ಲಿ ತಲೆ ನೆಟ್ಟಗಿರುವುದು ಯಾರಿಗೆ? ಎರಡೂ ಕಡೆ ಆಕಾಶ ಮುಚ್ಚುವಂಥ ಬಂಡೆ. ಸೂರ್ಯ ಕಾಣುವುದು ಹತ್ತು ಗಂಟೆಗೆ, ಮೂರಕ್ಕೆಲ್ಲ ಹೊರಟುಬಿಡುತ್ತಾನೆ. ನದಿಯ ಮಂಜು ಪ್ಲಾಟ್‌ಫಾರಂ ಮೇಲೆ ಹೇಳದೆ ಕೇಳದೆ ಓಡಾಡಿಕೊಂಡಿರುತ್ತದೆ. ಎಚ್ಚರವಿದ್ದವರೂ ಇಲ್ಲಿ ಅರೆನಿದ್ದೆಯಲ್ಲಿದ್ದ ಹಾಗೆ ಕಾಣುತ್ತಾರೆ.

ಎಲ್ಲಿಗಾದರೂ ಹೋಗೋಣ ಎಂದು ಅವಳು ಕೇಳಿದಾಗಲೆಲ್ಲ ಲಾಜಾರನ ಉತ್ತರ ಒಂದೇ. "ರಿಟೈರ್ ಆಗ್ಲಿ. ಇಬ್ರಿಗೂ ಪಾಸ್ ಸಿಗುತ್ತೆ. ಹಳಿ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೂ ಕರ್ಕೊಂಡು ಹೋಗ್ತೀನಿ."

ಅರವತ್ತು ತುಂಬಿದ ದಿನ ಅವನು ಟೋಪಿಯನ್ನೂ ಬಿಲ್ಲೆಯನ್ನೂ ರೋಸಿಟ್ಸಾಳ ಕೈಗೆ ಕೊಟ್ಟ. ರೋಸಿಟ್ಸಾ ನಲವತ್ತೈದರ ಗಟ್ಟಿ ಹೆಂಗಸು, ಮುಖದಲ್ಲಿ ನಗು ಕಂಡವರಿಲ್ಲ, ಅದಕ್ಕೇ ಅವನಿಗೆ ಅವಳ ಮೇಲೆ ನಂಬಿಕೆ. ಗಂಡ ಹೆಂಡತಿ ಹಳಿಯಾಚೆ ಒಂದು ಪುಟ್ಟ ಮನೆಗೆ ಹೋದರು. ಅಲ್ಲಿಂದಲೇ ತೊಂದರೆ ಶುರುವಾಯಿತು. ಪ್ರತಿ ಗಾಡಿಗೂ ಅವನು ಉಣ್ಣೆ ಚಪ್ಪಲಿಯಲ್ಲೇ ಬೇಲಿಯ ಹತ್ತಿರ ಓಡುತ್ತಿದ್ದ, ವಾಚು ನೋಡುತ್ತಿದ್ದ, "ಎರಡು ನಿಮಿಷ ತಡ" ಎಂದು ಮನೆಯಲ್ಲಿ ಯಾರೋ ಸತ್ತ ಹಾಗೆ ಹೇಳುತ್ತಿದ್ದ. ನೆವೆನಾ ಒಂದು ವಾರ ಸಹಿಸಿದಳು. ಎಂಟನೆಯ ದಿನ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಿದಳು.

ಜೂನ್ ಮೊದಲ ವಾರ ಹೊರಟರು. ಅವಳ ತಲೆಯ ಮೇಲೆ ಹೊಸ ಹುಲ್ಲಿನ ಟೋಪಿ. ಐವತ್ನಾಲ್ಕರ ಹೆಂಗಸು ಮದುವಣಗಿತ್ತಿಯ ಹಾಗೆ ಕೆಂಪಾಗಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ. ಆದರೂ ತಾಮ್ರದ ಚೊಂಬಿನಲ್ಲಿ ನೀರು ತಂದು ಅವರ ಕಾಲಿನ ಮುಂದೆ ಚೆಲ್ಲಿದೆ. ಹೋಗುವ ದಾರಿ ನೀರಿನ ಹಾಗೆ ಸರಾಗವಾಗಲಿ ಎಂದು ಎಲ್ಲರೂ ಮಾಡುವುದೇ.

"ದೋನ್ಕಾ, ಪ್ಲಾಟ್‌ಫಾರಂ ಜಾರುತ್ತೆ," ಎಂದ ಲಾಜಾರ್. "ಯಾರಾದ್ರೂ ಬಿದ್ರೆ ರೋಸಿಟ್ಸಾ ರಿಪೋರ್ಟ್ ಬರೀಬೇಕು."

"ನೀನು ಹತ್ತು ಮಾರಾಯಾ ಮೊದ್ಲು," ಎಂದೆ.

ಮುಂದಿನದನ್ನು ನಾನು ಕಂಡಿಲ್ಲ. ಅರ್ಧ ಅವನ ಬಾಯಿಂದ, ಅರ್ಧ ಅವಳ ಬಾಯಿಂದ ಕೇಳಿದ್ದು. ಕೇಳಿ ಕೇಳಿ ಈಗ ನಾನೇ ಆ ಗಾಡಿಯಲ್ಲಿ ಕೂತಿದ್ದೆ ಅನ್ನಿಸುತ್ತದೆ.

ಸೋಫಿಯಾದಲ್ಲಿ ಮೂರು ದಿನ ಅವಳ ತಂಗಿಯ ಮನೆ. ಆಮೇಲೆ ಪ್ಲೊವ್ದಿವ್, ಅಲ್ಲಿಂದ ಡ್ಯಾನ್ಯೂಬ್ ದಡದ ರೂಸೆ. ಅವಳು ನದಿ ನೋಡಿದಳು, ಹಳೆಯ ಬೀದಿ ನೋಡಿದಳು, ಲಿಂಡನ್ ಮರದ ಹೂವಿನ ವಾಸನೆಗೆ ಕಣ್ಣುಮುಚ್ಚಿ ನಿಂತಳು. ಅವನು ನೋಡಿದ್ದು ಸ್ಟೇಷನ್ನು. ಗಾಡಿ ಎಲ್ಲಿ ನಿಂತರೂ ಇಳಿದ. ಹೂಕುಂಡ ಎಣಿಸಿದ, ಗಡಿಯಾರಕ್ಕೆ ತನ್ನ ವಾಚು ಹಿಡಿದು ನೋಡಿದ, ಕೆಂಪು ಟೋಪಿಯವರ ಹೆಗಲು ತಟ್ಟಿದ. ಉಳಿದ ಹೊತ್ತು ಬೋಗಿಯ ನಡುದಾರಿಯಲ್ಲಿ ನಿಂತು ಕಿಲೋಮೀಟರು ಕಲ್ಲು ಓದಿದ.

"ಒಂದ್ಸಲ ನನ್ ಪಕ್ಕ ಕೂತ್ಕೊಳ್ಳೋ ಲಾಜಾರ್," ಎಂದಳು ಅವಳು.

"ಕೂತ್ರೆ ಹಳಿ ಕಾಣ್ಸಲ್ಲ."

ರೂಸೆಯಲ್ಲಿ ವಾರ್ನಾ ಗಾಡಿ ಹತ್ತಿದಾಗ ಅವಳ ಎದುರು ಅಸ್ಪಾರುಖ್ ಎಂಬವನು ಬಂದು ಕೂತ. ಹಡಗಿನಲ್ಲಿ ಉಗ್ರಾಣ ನೋಡಿಕೊಂಡು ರಿಟೈರಾದವನು, ವಾರ್ನಾದವನು, ಹೆಂಡತಿ ತೀರಿಕೊಂಡಿದ್ದಳು. ಬಿಳಿ ಪ್ಯಾಂಟು, ಬಾಚಿದ ಮೀಸೆ. ಜಿನೋವಾದ ಬಂದರಿನ ಕತೆ ಹೇಳಿದ, ಅಲೆಕ್ಸಾಂಡ್ರಿಯಾದ ನಿಂಬೆಹಣ್ಣಿನ ಕತೆ ಹೇಳಿದ. ಟೋಪಿ ಚೆನ್ನಾಗಿದೆ ಎಂದ. ಹೊಸ ಟೋಪಿಯನ್ನು ಹತ್ತು ದಿನದಲ್ಲಿ ಯಾರಾದರೂ ಕಂಡಿದ್ದು ಅದೇ ಮೊದಲು.

ವಾರ್ನಾ ಇನ್ನೂ ದೂರವಿರುವಾಗ, ಬಯಲಿನ ನಡುವೆ, ಒಂದು ಪುಟ್ಟ ಸ್ಟೇಷನ್ನಿನಲ್ಲಿ ಗಾಡಿ ಎದುರುಗಾಡಿಗಾಗಿ ನಿಂತಿತು. ಸುತ್ತಲೂ ಸೂರ್ಯಕಾಂತಿ, ಅಲೆಯಿಲ್ಲದ ಹಳದಿ ಸಮುದ್ರ. ಬಿಸಿಲಿಗೆ ಹಳಿಗಳು ನೀರಾಗಿ ಅಲುಗುತ್ತಿದ್ದವು. ಲಾಜಾರ್ ಇಳಿದ. ಅಲ್ಲಿನ ಕೆಂಪು ಟೋಪಿಯವನು ಗೆತ್ಸೊ, ರೈಲ್ವೆ ಶಾಲೆಯಲ್ಲಿ ಇವನ ಜೊತೆ ಓದಿದವನು. ಇಬ್ಬರೂ ತಬ್ಬಿಕೊಂಡರು. ಎದುರುಗಾಡಿ ಬಂದುಹೋಯಿತು, ಸಿಗ್ನಲ್ ಬಿತ್ತು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು.

"ಒಂದ್ ಕ್ಷಣ ಹಿಡ್ಕೊಳ್ಳೋ," ಎಂದು ಗೆತ್ಸೊ ಬಿಲ್ಲೆಯನ್ನು ಇವನ ಕೈಗೆ ತುರುಕಿ ಒಳಗೆ ಓಡಿದ. ಬಿಸಿಲೆಂದು ಟೋಪಿಯನ್ನು ಆಗಲೇ ಇವನ ತಲೆಗಿಟ್ಟು ತಮಾಷೆ ಮಾಡಿದ್ದ.

ಹಿಂದಿನ ಬೋಗಿಯಿಂದ ಗಾರ್ಡ್ ಕೈಯೆತ್ತಿ ಸಿದ್ಧವೆಂದು ತೋರಿಸಿದ. ಲಾಜಾರನ ಬೆನ್ನು ನೆಟ್ಟಗಾಯಿತು. ಬಲಗೈ ಮೇಲೆ ಹೋಯಿತು. ಗಾಡಿ ಹೊರಟಿತು.

ಅವನು ಕದಲದೆ ನಿಂತು ಒಂದೊಂದೇ ಚಕ್ರ ನೋಡಿದ. ಯಾವ ಅಚ್ಚೂ ಕಾದಿರಲಿಲ್ಲ. ಕೊನೆಯ ಬೋಗಿ ದಾಟಿ, ಅದರ ಹಿಂದೆ ಸೂರ್ಯಕಾಂತಿಗಳು ಒಮ್ಮೆ ಬಾಗಿ ಎದ್ದ ಮೇಲೆ, ತನ್ನ ಹೆಂಡತಿ, ಎರಡು ಸೂಟ್‌ಕೇಸು, ಚೀಸು ತುಂಬಿದ ಬಾನಿತ್ಸಾ ಕಟ್ಟಿದ ಬುತ್ತಿ, ಎಲ್ಲವೂ ಆ ಗಾಡಿಯಲ್ಲಿವೆ ಎಂದು ಅವನಿಗೆ ಹೊಳೆಯಿತು.

ವಾರ್ನಾ ಸ್ಟೇಷನ್ನಿಗೆ ಗೆತ್ಸೊ ಫೋನು ಮಾಡಿಸಿದ. ನೆವೆನಾಗೆ ಸುದ್ದಿ ಮುಟ್ಟಿತು. ಅವಳು ಕಾಯಲಿಲ್ಲ. ಲಾಜಾರ್ ಎರಡು ದಿನ ವಾರ್ನಾದ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದು ಒಬ್ಬನೇ ಊರಿಗೆ ಬಂದ. ವಾರದ ಮೇಲೆ ಸಮುದ್ರದ ಚಿತ್ರವಿದ್ದ ಕಾರ್ಡು ಬಂತು. ವಿಳಾಸ, ಅದರ ಕೆಳಗೆ ಒಂದೇ ಸಾಲು: ನೀನೇ ಕಳಿಸಿದೆ, ನಾನು ಬಂದೆ.

ಊರಿಗೆ ಇಷ್ಟು ಸಾಕಾಯಿತು. ಗಾರ್ಡುಗಳ ಬಾಯಿಂದ ಬಿಳಿ ಪ್ಯಾಂಟಿನವನ ಸುದ್ದಿಯೂ ಬಂದಿತ್ತು. ಅವನ ಜೊತೆ ಹೆಂಡತಿ ನಗುವುದನ್ನು ಕಂಡು ಮಾಸ್ತರ ಸಿಟ್ಟಿನಿಂದ ಬಿಲ್ಲೆ ಎತ್ತಿ ಗಾಡಿಯನ್ನೇ ಓಡಿಸಿಬಿಟ್ಟನಂತೆ ಎಂದು ಸುದ್ದಿಯಾಯಿತು. ನನ್ನ ಕ್ಯಾಂಟೀನಿನ ಗಂಡಸರು ರಾಕಿಯಾ ಹೀರುತ್ತ ಅವನ ಬೆನ್ನು ತಟ್ಟಿದರು. "ಗಂಡಸು ಅಂದ್ರೆ ಹೀಗಿರ್ಬೇಕು ಕಣಯ್ಯ." ಇಪ್ಪತ್ತೆಂಟು ವರ್ಷ ಯಾರೂ ಅವನ ಬಗ್ಗೆ ಕತೆ ಕಟ್ಟಿರಲಿಲ್ಲ. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸೌತೆಕಾಯಿ ಟೊಮೇಟೊ ಚುಚ್ಚಿ ತಿನ್ನುತ್ತ ಕೂತ. ನನಗೆ ಮೈ ಉರಿಯುತ್ತಿತ್ತು.

"ಒಂದು ಕಾಗದ ಬರೀಬಾರ್ದಾ ಲಾಜಾರಣ್ಣಾ? ಕೈ ಸವೆದುಹೋಗುತ್ತಾ?"

"ಏನಂತ ಬರೀಲಿ?"

"ಬಾ ಅಂತ."

ಅವನು ವಾಚು ನೋಡಿದ.

ಸೆಪ್ಟೆಂಬರ್ ಬಂತು. ಮೆಣಸಿನಕಾಯಿ ಸುಡುವ ಕಾಲ, ಇಡೀ ಕಣಿವೆಯಲ್ಲಿ ಅದೇ ಘಮ. ಗಂಡ ಹೆಂಡತಿ ಸೇರಿ ಮಾಡುವ ಕೆಲಸ ಅದು, ಒಬ್ಬರು ಸುಡಬೇಕು, ಒಬ್ಬರು ಸುಲಿಯಬೇಕು. ಅವನ ಅಂಗಳದಲ್ಲಿ ಎರಡು ಗೋಣಿ ಕೆಂಪು ದಪ್ಪ ಮೆಣಸಿನಕಾಯಿ ಕೊಳೆಯಲು ಶುರುವಾಗಿತ್ತು. ನೋಡಲಾರದೆ ಹೋಗಿ ಕೂತೆ. ಅವನು ಸುಟ್ಟ, ನಾನು ಸುಲಿದೆ. ಚಳಿಗಾಲದ ಲ್ಯುಟೆನಿತ್ಸಾ ಚಟ್ನಿಗೆ ಬಾಣಲೆಯಲ್ಲಿ ಕೂಡಿಟ್ಟೆವು. ಹೊಗೆಯ ಆಚೆಯಿಂದ, ನನ್ನ ಮುಖ ನೋಡದೆ, ಅವನು ಹೇಳಿದ.

"ದೋನ್ಕಾ, ನಾನು ಸಿಟ್ಟು ಮಾಡ್ಕೊಂಡಿರ್ಲಿಲ್ಲ. ಆ ಮನುಷ್ಯ ಯಾರು ಅಂತ್ಲೂ ನಾನು ನೋಡಿರ್ಲಿಲ್ಲ. ಅವಳು ಗಾಡೀಲಿದ್ದಾಳೆ ಅನ್ನೋದೇ ಮರೆತೋಗಿತ್ತು."

ಅವಳ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಸತ್ತುಹೋಯಿತು. "ಪಾಪಿ," ಎಂದೆ. "ಸಿಟ್ಟಲ್ಲಿ ಕಳ್ಸಿದ್ರೆ ಯಾವತ್ತಾದ್ರೂ ವಾಪಸ್ ಬಂದಾಳು. ಮರೆತುಬಿಟ್ಟೆ ಅಂದ್ರೆ ಯಾವಳು ಬರ್ತಾಳೆ?"

"ಅದಕ್ಕೇ ಬರೀಲಿಲ್ಲ," ಎಂದ.

ಅಲ್ಲಿ ವಾರ್ನಾದಲ್ಲಿ ನೆವೆನಾ ಅಸ್ಪಾರುಖನ ಅಕ್ಕನ ಮನೆಯಲ್ಲಿ ಒಂದು ಕೋಣೆ ಹಿಡಿದು, ಸಮುದ್ರದ ದಡದ ವಿಶ್ರಾಂತಿ ಗೃಹದಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಒದ್ದೆ ಮರಳಲ್ಲಿ ಬರಿಗಾಲಲ್ಲಿ ನಡೆದರೆ ತಾನು ಯಾರೆಂದೇ ಮರೆತುಹೋಗುತ್ತಿತ್ತಂತೆ, ಅದು ಹಿತವಾಗಿತ್ತಂತೆ. ಸಂಜೆ ಅಸ್ಪಾರುಖ್ ಉದ್ಯಾನದ ಅದೇ ಬೆಂಚಿನಲ್ಲಿ ಕೂತು ಅದೇ ಜಿನೋವಾ, ಅದೇ ನಿಂಬೆಹಣ್ಣು ಹೇಳುತ್ತಿದ್ದ. ಒಂದು ತಿಂಗಳಾದ ಮೇಲೆ ಅವಳಿಗೆ ಗೊತ್ತಾಯಿತು: ಅವನು ನಲವತ್ತು ಬಂದರು ಕಂಡಿದ್ದಾನೆ, ಹತ್ತರಲ್ಲೂ ಇಳಿದಿಲ್ಲ, ಉಗ್ರಾಣದಲ್ಲಿ ಅಕ್ಕಿ ಎಣಿಸುತ್ತಿದ್ದ. ಮದುವೆಯಾಗು ಎಂದು ಅವನು ಕೇಳಿದಾಗ ಅವಳಿಗೆ ನಗು ಬಂತು. ಅಳುವೂ ಬಂತು. ಒಬ್ಬ ಕಿಟಕಿ ನೋಡದವನನ್ನು ಬಿಟ್ಟು ಇನ್ನೊಬ್ಬ ಕಿಟಕಿ ನೋಡದವನ ಹತ್ತಿರ ಬಂದೆನಲ್ಲ ಎಂದು. ಅವನಿಗೆ ಇಲ್ಲ ಎಂದಳು. ಹಾಗೆಂದು ಮನೆಗೆ ಬರಲೂ ಮನಸ್ಸಾಗಲಿಲ್ಲ.

ಅಕ್ಟೋಬರಿನಲ್ಲಿ ಎರಡನೆಯ ಕಾರ್ಡು ಬಂತು. ಲಾಜಾರ್ ಅದನ್ನು ತಂದು ನನ್ನ ಮುಂದಿಟ್ಟ. ಗುರುವಾರ ಮಧ್ಯಾಹ್ನದ ಗಾಡಿಯಲ್ಲಿ ಸೋಫಿಯಾಕ್ಕೆ ಹೋಗುತ್ತಿದ್ದೇನೆ, ತಂಗಿ ವಕೀಲರ ಜೊತೆ ಮಾತಾಡಿದ್ದಾಳೆ, ನನ್ನ ಚಳಿಗಾಲದ ಕೋಟನ್ನೂ ಮದುವೆಯ ಪತ್ರವನ್ನೂ ಪ್ಲಾಟ್‌ಫಾರಮ್ಮಿಗೆ ತಂದುಕೊಡು, ಕಿಟಕಿಯಲ್ಲಿ ತೆಗೆದುಕೊಳ್ಳುತ್ತೇನೆ.

"ಎರಡು ಹದಿನೇಳಕ್ಕೆ ಬರುತ್ತೆ," ಎಂದ. "ಎರಡು ಹದಿನೆಂಟಕ್ಕೆ ಹೊರಡುತ್ತೆ. ಒಂದು ನಿಮಿಷ."

"ಒಂದು ನಿಮಿಷದಲ್ಲಿ ಏನು ಹೇಳ್ತೀಯಾ?"

"ಅದೇ ನೋಡು," ಎಂದು ಗಲ್ಲ ಒರೆಸಿಕೊಂಡ.

ಆ ಗುರುವಾರ ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಬಂಡೆಗಳ ತಲೆ ಮಾತ್ರ ತೇಲುತ್ತಿತ್ತು, ನದಿ ಎಲ್ಲೋ ಹೊದಿಕೆಯ ಕೆಳಗೆ ಮಾತಾಡುತ್ತಿತ್ತು. ನಾನು ಕ್ಯಾಂಟೀನಿನ ನೆಲ ಒರೆಸುವ ನೆಪ ಮಾಡಿಕೊಂಡು ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತೆ. ಲಾಜಾರ್ ಹಳಿ ದಾಟಿ ಬಂದ. ಮುಂಜಾನೆಯೇ ಕ್ಷೌರ ಮಾಡಿಕೊಂಡು, ಒಳ್ಳೆಯ ಕೋಟು ಹಾಕಿದ್ದ, ಕಾಲಲ್ಲಿ ಮಾತ್ರ ಮನೆಯ ಉಣ್ಣೆ ಚಪ್ಪಲಿ. ಅವನಿಗೇ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನೆವೆನಾಳ ಕಂದು ಕೋಟನ್ನು ಮಗುವಿನ ಹಾಗೆ ತೋಳಿನ ಮೇಲೆ ಹಾಕಿಕೊಂಡಿದ್ದ. ಮದುವೆಯ ಪತ್ರವಿದ್ದ ಲಕೋಟೆಯನ್ನು ಬೆಂಚಿನ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ.

ಸುರಂಗದಿಂದ ಗಾಡಿ ಸದ್ದಿಲ್ಲದೆ ಬಂದಂತಿತ್ತು. ಮೂರನೆಯ ಬೋಗಿಯ ಕಿಟಕಿ ಇಳಿಯಿತು. ಅಕ್ಟೋಬರಿನಲ್ಲೂ ತಲೆಯ ಮೇಲೆ ಅದೇ ಹುಲ್ಲಿನ ಟೋಪಿ, ಮುಖ ಬಿಸಿಲಿಗೆ ಕಪ್ಪಾಗಿ, ಸಣ್ಣಗಾಗಿ, ನನಗೆ ಗುರುತೇ ಸಿಗಲಿಲ್ಲ.

"ಕೊಡು ಲಾಜಾರ್."

"ಕೊಡ್ತೀನಿ. ಒಂದು ಮಾತಿತ್ತು."

"ಒಂದು ನಿಮಿಷ ಇದೆ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವನು ಕೋಟನ್ನು ಬಿಗಿಯಾಗಿ ಹಿಡಿದು ನಿಂತ. ಹೇಳೋ ಮಂಕೇ, ಹೇಳು ಎಂದು ಒಳಗೊಳಗೇ ಬೈಯುತ್ತಿದ್ದೆ. ಗಾರ್ಡ್ ಕೈಯೆತ್ತಿದ. ರೋಸಿಟ್ಸಾ ಗಡಿಯಾರ ನೋಡಿದಳು, ಅವಳ ಬಿಲ್ಲೆ ಮೇಲೇಳತೊಡಗಿತು.

ಲಾಜಾರ್ ತಿರುಗಿದ. "ರೋಸಿಟ್ಸಾ, ಕೈ ಇಳಿಸು."

"ಮಾಸ್ಟ್ರೇ, ಟೈಮಾಯ್ತು."

"ಗೊತ್ತು. ಇಳಿಸು. ನನ್ ಹೆಸ್ರೇ ಬರಿ."

ಬೇರೆ ಸ್ಟೇಷನ್ನುಗಳೂ ಸೇರಿ ಮೂವತ್ತೆಂಟು ವರ್ಷದ ನೌಕರಿಯಲ್ಲಿ ತನ್ನಿಂದ ಒಂದು ಗಾಡಿಯೂ ತಡವಾಗಿಲ್ಲ ಎಂದು ಎದೆಯುಬ್ಬಿಸುತ್ತಿದ್ದವನು. ಹೆಂಡತಿ ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡ ದಿನವೂ ಎಲ್ಲ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ ಆಮೇಲೆ ಮೆಟ್ಟಿಲು ಹತ್ತಿದ್ದವನು. ರೋಸಿಟ್ಸಾ ಕೈ ಇಳಿಸಿದಳು.

ಅವನು ಕಿಟಕಿಯ ಕೆಳಗೆ ಹೋಗಿ ನಿಂತ. "ನೆವೆನಾ, ಸಿಟ್ಟಲ್ಲಿ ಕಳಿಸ್ಲಿಲ್ಲ ನಾನು. ಊರವ್ರು ಹಾಗಂದ್ರು, ನಾನೂ ಸುಮ್ನಿದ್ದೆ. ಬಿಲ್ಲೆ ಕೈಗೆ ಬಂತು, ಗಾಡಿ ಎದುರಿಗಿತ್ತು. ನೀನು ಒಳಗಿದ್ದೀಯ ಅನ್ನೋದು ಮರೆತೋಯ್ತು. ಅಷ್ಟೇ ನಿಜ."

ಕಿಟಕಿಗಳಲ್ಲಿ ತಲೆಗಳು ಇಣುಕಿದವು. ನೆವೆನಾ ಕಿಟಕಿಯಿಂದ ಇನ್ನಷ್ಟು ಬಾಗಿದಳು.

"ಗೊತ್ತು," ಎಂದಳು. "ಕಿಟಕೀಲಿ ನಿಂತು ಕೈ ಬೀಸ್ತಿದ್ದೆ. ನಿನ್ ಕಣ್ಣು ಚಕ್ರದ ಮೇಲಿತ್ತು. ಸಿಟ್ಟಿದ್ದೋನು ಮುಖ ನೋಡ್ತಾನೆ."

"ಗೊತ್ತಿದ್ದೂ..."

"ನೀನು ಬಾಯಿಬಿಟ್ಟು ಹೇಳ್ತೀಯೇನೋ ಅಂತ ನಾಲ್ಕು ತಿಂಗಳು ಕಾದೆ. ನೀನು ಊರಲ್ಲಿ ಮೀಸೆ ತಿರುವ್ತಾ ಕೂತೆ."

ಅವನು ತಲೆ ಎತ್ತಿ ಅವಳ ಮುಖ ನೋಡುತ್ತಿದ್ದ. ಆ ಇಡೀ ಹೊತ್ತು ಒಮ್ಮೆಯೂ ಚಕ್ರ ನೋಡಲಿಲ್ಲ, ವಾಚು ನೋಡಲಿಲ್ಲ. ನಾನು ಅದನ್ನೇ ಗಮನಿಸುತ್ತಿದ್ದೆ, ಅದಕ್ಕೇ ಆಣೆಯಿಟ್ಟು ಹೇಳಬಲ್ಲೆ.

"ಇಳಿದು ಬಾ," ಎಂದ ಮೆಲ್ಲಗೆ.

ಅವಳು ಗಲ್ಲ ಮೇಲೆತ್ತಿ ಇಲ್ಲವೆಂದಳು. "ಇಲ್ಲಿ ಇಪ್ಪತ್ತೆಂಟು ವರ್ಷ ಇಳಿದೇ ಇದ್ದೆ. ಇನ್ನು ಇಳಿಯಲ್ಲ."

"ಹಾಗಾದ್ರೆ ನಾನು ಹತ್ತಲಾ?"

ಗಾಡಿಯ ಒಳಗೆ ಯಾರೋ ಕೆಮ್ಮಿದರು. ನೆವೆನಾ ಅವನ ತಲೆಯಿಂದ ಕಾಲಿನ ತನಕ ನೋಡಿದಳು, ಕಾಲಿನ ಹತ್ತಿರ ಕಣ್ಣು ನಿಂತಿತು.

"ಸೋಫಿಯಾಕ್ಕೆ ಈ ಚಪ್ಪಲೀಲಾ?"

ಅವನು ಆಗ ಕೆಳಗೆ ನೋಡಿಕೊಂಡ. "ಈ ಚಪ್ಪಲೀಲೇ."

"ನಡುವೆ ಹತ್ತು ಸ್ಟೇಷನ್ ಇದೆ. ಒಂದ್ರಲ್ಲೂ ಇಳಿಯೋ ಹಾಗಿಲ್ಲ."

"ಇಳಿಯಲ್ಲ."

"ನನ್ ಪಕ್ಕ ಕೂತ್ಕೋಬೇಕು. ಹಳಿ ಕಾಣ್ಸಲ್ಲ."

"ಕಾಣ್ಸೋದು ಬೇಡ."

ಅವಳು ತಲೆಯನ್ನು ನಿಧಾನವಾಗಿ ಅಡ್ಡಡ್ಡ ಆಡಿಸಿದಳು, ನಮ್ಮ ಕಡೆ ಹೌದೆನ್ನುವುದು ಹಾಗೆಯೇ. ಅವನು ಕೋಟು ತಬ್ಬಿಕೊಂಡೇ ಮೆಟ್ಟಿಲು ಹತ್ತಿದ. ರೋಸಿಟ್ಸಾ ಬಿಲ್ಲೆ ಎತ್ತಿದಳು. ಚೊಂಬು ತರಲು ಹೊತ್ತಿರಲಿಲ್ಲ. ಬಕೆಟ್ಟಿನಲ್ಲಿದ್ದ ನೆಲ ಒರೆಸಿದ ನೀರನ್ನೇ ಪ್ಲಾಟ್‌ಫಾರಮ್ಮಿಗೆ ಸುರಿದೆ. ಜಾರುತ್ತೆ ಎಂದು ಯಾರೂ ಹೇಳಲಿಲ್ಲ. ಮಂಜಿನೊಳಗೆ ಕಿಟಕಿಗಳು ಒಂದೊಂದಾಗಿ ದಾಟಿದವು, ಮೂರನೆಯ ಬೋಗಿಯಲ್ಲಿ ಎರಡು ತಲೆ ಪಕ್ಕಪಕ್ಕ ಇದ್ದವು, ಒಂದರ ಮೇಲೆ ಹುಲ್ಲಿನ ಟೋಪಿ. ನನಗೆ ಜೋರಾಗಿ ಅಳು ಬಂತು, ಅತ್ತೆ.

ಬೆಂಚಿನ ಮೇಲೆ ಲಕೋಟೆ ಹಾಗೇ ಉಳಿದಿತ್ತು. ಅದನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟೆ. ಇದಾಗಿ ಮೂರು ವರ್ಷವಾಯಿತು, ಇಬ್ಬರಲ್ಲಿ ಒಬ್ಬರೂ ಕೇಳಿಲ್ಲ. ಚಳಿಗಾಲಕ್ಕೆ ಜೊತೆಯಾಗಿ ಹಳಿಯಾಚೆಯ ಮನೆಗೆ ಮರಳುತ್ತಾರೆ, ಬೇಸಿಗೆಯಲ್ಲಿ ಊರಲ್ಲೇ ಇರುವುದಿಲ್ಲ, ಕೇಳುವುದೆಲ್ಲಿಂದ.

ಆ ಮಧ್ಯಾಹ್ನ ರೋಸಿಟ್ಸಾ ರಿಜಿಸ್ಟರು ತೆರೆದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. "ನಾಲ್ಕು ನಿಮಿಷ ತಡ ಅಂತ ಬರ್ದೆ. ಕಾರಣ ಏನಂತ ಬರೀಲಿ ದೋನ್ಕಾ? ಮಾಸ್ಟ್ರು ಹೆಸ್ರು ಹಾಕೋಕೆ ಕೈ ಬರ್ತಿಲ್ಲ."

"ನಿಜಾನೇ ಬರಿ," ಎಂದೆ.

ಅವಳು ತನ್ನ ದಪ್ಪ ಅಕ್ಷರದಲ್ಲಿ ಬರೆದಳು: ಪ್ರಯಾಣಿಕನೊಬ್ಬ ಹತ್ತುವುದು ಬಾಕಿ ಇತ್ತು.